ಬೈಯುವವರಿಲ್ಲದ ಊರಿಗೆ ಬಂದು

ನನ್ನನ್ನು ಯಾರೂ ಬೈಯಲಿಲ್ಲ. ಬೆಂಗಳೂರಿಗೆ ಬಂದು ಎಂಟೇ ದಿನವಾಗಿತ್ತು. ಅಂದು ನಾನು ಮಾಡಿದ ತಪ್ಪನ್ನು ನಮ್ಮ ನರಗುಂದದಲ್ಲಿ ಮಾಡಿದ್ದರೆ ಓಣಿಗೆ ಓಣಿಯೇ ನನ್ನ ಮೇಲೆ ಏರಿ ಬರುತ್ತಿತ್ತು. ಇಲ್ಲಿ ಒಬ್ಬರೂ ದನಿ ಏರಿಸಲಿಲ್ಲ. ನನಗೆ ಈ ಊರಿನ ಬಗ್ಗೆ ಮೊದಲ ಸಲ ಭಯವಾದದ್ದು ಆಗಲೇ.

ಆದದ್ದು ಇಷ್ಟು. ನಾನಿರುವುದು ಚಿಕ್ಕಬಾಣಾವರದ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ. ಮೂರಂತಸ್ತಿನ ಮನೆ. ಮೇಲೆ ಮಾಲೀಕರಾದ ಸರೋಜಮ್ಮ, ಕೆಳಗೆ ನಾಲ್ಕು ಬಾಡಿಗೆ ಮನೆಗಳು. ಅದರಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯದು ನನ್ನದು. ಇಲ್ಲಿ ನೀರು ಮೊದಲು ನೆಲದಡಿಯ ತೊಟ್ಟಿಗೆ ಬಂದು ಬೀಳುತ್ತದೆ. ಅದಕ್ಕೆ ಇವರು ಸಂಪು ಎನ್ನುತ್ತಾರೆ. ಅಲ್ಲಿಂದ ಮೋಟರ್ ಹಾಕಿ ತಾರಸಿಯ ಟ್ಯಾಂಕಿಗೆ ಏರಿಸಬೇಕು. ವಾರಕ್ಕೊಬ್ಬರ ಪಾಳಿ. ನನ್ನ ಪಾಳಿಯ ಮೊದಲ ದಿನ ಮೋಟರ್ ಹಾಕಿ, ಸ್ನಾನಕ್ಕೆ ಹೋಗಿ, ತಲೆ ಬಾಚಿಕೊಂಡು, ಸಾವಕಾಶವಾಗಿ ಚಹಾ ಕುಡಿದು ಹೊರಗೆ ಬಂದರೆ ಟ್ಯಾಂಕು ತುಂಬಿ ಹರಿದು ಬೀದಿಯ ತುಂಬ ಹೊಳೆ. ಟ್ಯಾಂಕರಿನವನಿಗೆ ಮೂರು ದಿನ ಫೋನು ಮಾಡಿ ತರಿಸಿದ ನೀರು ಅದು.

ಸರೋಜಮ್ಮ ಕೆಳಗಿಳಿದು ಬಂದರು. ನಾನು ಬೈಸಿಕೊಳ್ಳಲು ಸಿದ್ಧಳಾಗಿ ತಲೆ ತಗ್ಗಿಸಿ ನಿಂತೆ.

"ಪರ್ವಾಗಿಲ್ಲ ಬಿಡಿ ಮೇಡಂ. ನಿಮ್ಗೆ ಇದೆಲ್ಲ ಅಭ್ಯಾಸ ಇಲ್ಲ, ಪಾಪ" ಎಂದು ಅವರೇ ಪೊರಕೆ ತಂದು ನೀರು ಗುಡಿಸಿದರು. ಪಕ್ಕದ ಮನೆಯವರು ಕಿಟಕಿಯಿಂದ ನೋಡಿ ಪರದೆ ಎಳೆದುಕೊಂಡರು.

ನರಗುಂದದಲ್ಲಿ ನಳದ ನೀರು ಬಂದಾಗ ಒಂದು ಕೊಡ ಚೆಲ್ಲಿದರೂ ನಮ್ಮ ವೈನಿ, ಈ ಕಡೆಯ ಓದುಗರಿಗೆ ಹೇಳುವುದಾದರೆ ನಮ್ಮ ಅಣ್ಣನ ಹೆಂಡತಿ, ಓಣಿಯ ಆ ತುದಿಗೆ ಕೇಳುವಂತೆ ನನ್ನನ್ನು ತೊಳೆದುಬಿಡುತ್ತಾರೆ. "ಕಣ್ಣ ಗುಡಿ ಮುಂದ ಬಿಟ್ಟ ಚಪ್ಪಲ್ ಜೋಡಿ ಇಟ್ಟು ಬಂದೀಯೇನು?" ಎಂದು ಶುರುವಾದರೆ ನನ್ನ ಎಂ.ಎ., ನನ್ನ ವಯಸ್ಸು, ನಾನು ಚಿಕ್ಕಂದಿನಲ್ಲಿ ಒಡೆದ ಉಪ್ಪಿನಕಾಯಿ ಭರಣಿ ಎಲ್ಲವೂ ಅದರಲ್ಲಿ ಬಂದು ಹೋಗುತ್ತವೆ. ಅರ್ಧ ಗಂಟೆಯಾದ ಮೇಲೆ ಬಿಸಿ ರೊಟ್ಟಿ ಕರೆದು ಹಾಕುತ್ತಾರೆ. ಹಾಗೆ ಬೆಳೆದವಳು ನಾನು. ಆ ದಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಬೈಯದಿದ್ದುದಕ್ಕೆ ಅತ್ತವರು ಬೆಂಗಳೂರಿನಲ್ಲಿ ಬೇರೆ ಯಾರಾದರೂ ಇದ್ದಾರೋ ಕಾಣೆ.

ನಾನು ಇಲ್ಲಿಗೆ ಬಂದ ಕಾರಣವನ್ನೂ ಹೇಳಿಬಿಡುತ್ತೇನೆ. ನಮ್ಮ ಊರಿನ ಕಾಲೇಜಿನಲ್ಲಿ ಹನ್ನೊಂದು ವರ್ಷ ತತ್ವಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೆ. ಕೊನೆಯ ವರ್ಷ ತರಗತಿಯಲ್ಲಿ ಇಬ್ಬರಿದ್ದರು. ಅದರಲ್ಲಿ ಒಬ್ಬಳಿಗೆ ಮದುವೆಯಾಯಿತು. ವಿಭಾಗ ಮುಚ್ಚಿತು. ನಲವತ್ತೊಂದನೆಯ ವಯಸ್ಸಿನಲ್ಲಿ, ಗಂಡ ಮಕ್ಕಳ ತಾಪತ್ರಯವಿಲ್ಲದ ನಾನು, ತತ್ವಶಾಸ್ತ್ರ ಓದಿದವರನ್ನು ಇನ್ನೂ ಕೆಲಸಕ್ಕೆ ಕರೆಯುವ ಒಬ್ಬರಾದರೂ ಇದ್ದಾರೆ ಎಂದು ತಿಳಿದು ರೈಲು ಹತ್ತಿದೆ.

ಅವರೇ ವಸುಧಾ ಮೇಡಂ. ಬೆಂಗಳೂರಿನವರೇ, ಆದರೆ ಬಹಳ ವರ್ಷ ಹೊರದೇಶದಲ್ಲಿ ತತ್ವಶಾಸ್ತ್ರ ಕಲಿಸಿ ಬಂದವರು. ಒಂದು ಕೆಲಸ ಸರಿಯೋ ತಪ್ಪೋ ಎಂದು ವಿಚಾರ ಮಾಡುವ ಮೊದಲೇ ನಮ್ಮ ಮನಸ್ಸು ಒಂದು ತೀರ್ಪು ಕೊಟ್ಟಿರುತ್ತದಲ್ಲ, ಆ ಮೊದಲ ಅನ್ನಿಸಿಕೆ ಎಲ್ಲ ಸಂಸ್ಕೃತಿಯವರಲ್ಲೂ ಒಂದೇ ಇರುತ್ತದೆಯೇ, ಬೇರೆ ಬೇರೆಯೇ, ಇದು ಅವರ ಸಂಶೋಧನೆ. ಒಂದು ಪುಟ್ಟ ಕಥೆಯನ್ನು ಜನರಿಗೆ ಓದಿ ಹೇಳಿ, ಅದರಲ್ಲಿರುವವನು ಮಾಡಿದ್ದು ಎಷ್ಟು ತಪ್ಪು ಎಂದು ಕೇಳಿ, ಒಂದರಿಂದ ಏಳರ ತನಕ ಅಂಕ ಬರೆದುಕೊಳ್ಳಬೇಕು. ಒಂದು ಎಂದರೆ ತಪ್ಪೇ ಅಲ್ಲ. ಏಳು ಎಂದರೆ ಘೋರ ತಪ್ಪು.

ಕಥೆ ಇಷ್ಟೇ. ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ ಯಂತ್ರ ಆರಿಸುವುದನ್ನು ಮರೆತ. ಯಂತ್ರ ಕೆಟ್ಟಿತು. ಯಾರು ಮಾಡಿದ್ದೆಂದು ಮೇಲಿನವರು ಕೇಳಿದಾಗ ಅವನು ಸುಮ್ಮನಿದ್ದ. ತಪ್ಪು ಪಕ್ಕದವನ ತಲೆಗೆ ಬಂತು. ಸುಮ್ಮನಿದ್ದದ್ದು ಎಷ್ಟು ತಪ್ಪು? ಮೋಟರ್ ಮರೆತ ವಾರವೇ ಈ ಕಾಗದ ನನ್ನ ಚೀಲದಲ್ಲಿತ್ತು. ಓದಿ ಓದಿ ನನಗೇ ಮೈ ಬಿಸಿಯಾಗುತ್ತಿತ್ತು.

ಪೀಣ್ಯದ ಸುತ್ತ ಎರಡು ಬಗೆಯ ಜನರನ್ನು ಕೇಳಬೇಕಿತ್ತು. ಸರ್ಕಾರಿ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾಗಿ ಸ್ವಂತ ಮನೆ ಕಟ್ಟಿಕೊಂಡ ಹಳೆಯ ಬೆಂಗಳೂರಿನ ಸಂಸಾರಗಳು ಮಂಜುನಾಥನ ಪಾಲು. ಅವನು ತುಮಕೂರಿನ ಹುಡುಗ, ನನ್ನ ಸಹೋದ್ಯೋಗಿ. ಗಾರ್ಮೆಂಟ್ಸಿಗೆ, ಕಟ್ಟಡದ ಕೆಲಸಕ್ಕೆಂದು ನಮ್ಮ ಕಡೆಯಿಂದ ಬಂದು ಬಾಡಿಗೆ ಕೋಣೆಗಳಲ್ಲಿರುವ ಜನ ನನ್ನ ಪಾಲು. ಮೇಡಂ ಒಂದೇ ಒಂದು ನಿಯಮ ಹಾಕಿದ್ದರು. ಕಥೆಯಲ್ಲಿ ಇಲ್ಲದ್ದನ್ನು ಒಂದಕ್ಷರವೂ ಸೇರಿಸಬಾರದು. ಯಾರಾದರೂ ಕೇಳಿದರೆ "ಕಥೆಯಲ್ಲಿ ಇಷ್ಟೇ ಇದೆ" ಎನ್ನಬೇಕು.

ಮೊದಲ ತಿಂಗಳು ನನಗೆ ಈ ಊರು ಒಗ್ಗಲೇ ಇಲ್ಲ. ಬಾಯಿ ತೆಗೆದರೆ ಸಾಕು, "ಹುಬ್ಳಿ ಕಡೆಯವ್ರಾ ಮೇಡಂ?" ಎನ್ನುತ್ತಾರೆ. ತುಮಕೂರು ದಾಟಿದರೆ ಇವರಿಗೆ ಎಲ್ಲವೂ ಹುಬ್ಬಳ್ಳಿ. ನಮ್ಮಲ್ಲಿ ಅಂಗಡಿಗೆ ಹೋದರೆ ಉಪ್ಪು ಕೊಳ್ಳುವಷ್ಟರಲ್ಲಿ ಯಾರ ಮಗಳು, ಯಾಕೆ ಬಾಡಿದ್ದಾಳೆ ಎಂಬುದೆಲ್ಲ ವಿಚಾರಣೆಯಾಗಿರುತ್ತದೆ. ಇಲ್ಲಿ ಅಂಗಡಿಯವನು ಮೊಬೈಲ್ ನೋಡುತ್ತಲೇ ಉಪ್ಪು ಕೊಡುತ್ತಾನೆ. ಸರೋಜಮ್ಮ ಒಳ್ಳೆಯವರು. ಒಮ್ಮೆ ಬಸ್ಸಾರು ಕೊಟ್ಟು ಕಳಿಸಿದರು. ಸೊಪ್ಪು, ಕಾಳು ಬೇಯಿಸಿ, ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಮಾಡುವ ಸಾರು ಅದು. ಮುದ್ದೆಯ ಜೊತೆ ತಿನ್ನುವುದನ್ನು ಬಿಟ್ಟು ನಾನು ಅದನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದೆ. ಅದಕ್ಕೂ ಅವರು ನಗಲಿಲ್ಲ. "ಪರ್ವಾಗಿಲ್ಲ, ನಿಮ್ ಕಡೆ ಹಂಗೇ ಇರ್ಬೋದು" ಎಂದರು. ಅಷ್ಟೊಂದು ಮರ್ಯಾದೆ ತಡೆದುಕೊಳ್ಳುವುದು ಕಷ್ಟ.

ಪ್ರಶ್ನೆ ಕೇಳುವ ಕೆಲಸ ಶುರುವಾದಾಗ ನನಗೆ ಮೊದಲು ಸಿಕ್ಕವಳು ರೇಣವ್ವ. ಬಾದಾಮಿ ಕಡೆಯವಳು, ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ಭಾನುವಾರ ಅವಳ ಕೋಣೆಗೆ ಹೋದರೆ ಹೊಸಿಲಿನಲ್ಲೇ ರೊಟ್ಟಿ ಸುಟ್ಟ ವಾಸನೆ ಬಂತು. ನಾನು ಫಾರ್ಮು ತೆಗೆಯುವ ಮೊದಲೇ ತಾಟು ಬಂತು, ಹುಳಿ ಸೊಪ್ಪಿನ ಪುಂಡಿ ಪಲ್ಯ ಬಂತು, ಹಸಿ ಉಳ್ಳಾಗಡ್ಡಿ ಬಂತು. ಎರಡು ತಿಂಗಳಿನಿಂದ ಯಾರೂ ನನ್ನ ತಾಟಿಗೆ ಒತ್ತಾಯ ಮಾಡಿ ಬಡಿಸಿರಲಿಲ್ಲ. ಬೇಡ ಬೇಡ ಎನ್ನುತ್ತಲೇ ಮೂರು ರೊಟ್ಟಿ ತಿಂದೆ. ಆಮೇಲೆ ಕಥೆ ಓದಿದೆ.

"ಯಾವ ಊರಾಂವ್ರಿ ಅಂವ?" ಎಂದಳು ರೇಣವ್ವ.

"ಅದು ಕಥಿಯೊಳಗಿಲ್ಲವಾ."

"ಊರಿಲ್ಲದ ಮನಶಾ ಇರ್ತಾನೇನ್ರಿ ಅಕ್ಕಾರ? ನಮ್ಮ ಕಡೀಯಾಂವೋ, ಇಲ್ಲಿಯಾಂವೋ?"

ಅವಳ ಉಪ್ಪು ಇನ್ನೂ ನನ್ನ ನಾಲಿಗೆಯ ಮೇಲಿತ್ತು. ಅಂಥವಳ ಎದುರು ಕುಳಿತು ಆಫೀಸಿನ ಜವಾನನ ಹಾಗೆ "ಇಷ್ಟೇ ಇದೆ" ಎನ್ನಲು ನನಗೆ ಬಾಯಿ ಬರಲಿಲ್ಲ. "ನಮ್ಮ ಕಡೀಯಾಂವನ ಇರಬೇಕು ಬಿಡು" ಎಂದೆ.

ರೇಣವ್ವನ ಮುಖ ಬಿಗಿಯಾಯಿತು. "ನಮ್ಮ ಕಡೀಯಾಂವಾಗಿ ಹಿಂಗ ಮಾಡಿದ್ನ? ನಾಕು ಮಂದಿ ನಮ್ಮನ್ನ ಏನಂತಾರು? ಏಳು ಬರೀರಿ. ಯಾಕ, ಎಂಟು ಇಲ್ಲೇನ್ರಿ?"

ನಾನು ನಕ್ಕು ಏಳು ಬರೆದೆ. ಅಲ್ಲಿಂದ ಮುಂದಿನ ಕೋಣೆ, ಅದರ ಮುಂದಿನದು. ಎಲ್ಲರೂ ಅದನ್ನೇ ಕೇಳಿದರು, ನಾನೂ ಎಲ್ಲರಿಗೂ ಅದನ್ನೇ ಹೇಳಿದೆ. ಅದೊಂದು ಮಾತು ಅಂದರೆ ಸಾಕು, ಜನ ಮೈ ಚಳಿ ಬಿಟ್ಟು ಮಾತಾಡುತ್ತಿದ್ದರು. ನಾನು ಇದನ್ನು ತಪ್ಪು ಎಂದುಕೊಳ್ಳಲಿಲ್ಲ. ಉಂಡ ಮನೆಯಲ್ಲಿ ಮಾಡಬೇಕಾದ ಸೌಜನ್ಯ ಎಂದುಕೊಂಡೆ. ಭಾನುವಾರಗಳು ನನಗೆ ಹಬ್ಬವಾದವು. ಒಂಟಿತನ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಹೀಗೆ ನಾಲ್ಕು ತಿಂಗಳು ಕೇಳಿದ ಮೇಲೆ ಮೇಡಂ ನಮ್ಮಿಬ್ಬರನ್ನೂ ಕರೆದು ಗೋಡೆಯ ಮೇಲೆ ಅಂಕಗಳ ಒಂದು ಚಿತ್ರ ಹಾಕಿ ತೋರಿಸಿದರು. ಮಂಜುನಾಥ ಕೇಳಿದವರೆಲ್ಲ ಎರಡು, ಮೂರರ ಸುತ್ತ. ನಾನು ಕೇಳಿದವರೆಲ್ಲ ಆರು, ಏಳರ ಸುತ್ತ. ಮಂಜುನಾಥನ ಜನ "ಪಾಪ, ಭಯ ಆಗಿರತ್ತೆ ಬಿಡಿ" ಎಂದಿದ್ದರು. ನನ್ನ ಜನ ಎಂಟು ಕೇಳಿದ್ದರು.

"ನೋಡಿ ಕಸ್ತೂರಿ" ಎಂದರು ಮೇಡಂ. ಅವರ ಕಣ್ಣು ಹೊಳೆಯುತ್ತಿತ್ತು. "ಒಂದೇ ರಸ್ತೆಯ ಆ ಕಡೆ ಈ ಕಡೆ ಇರೋ ಜನ. ಆದ್ರೆ ಎರಡು ಬೇರೆ ನೈತಿಕ ಜಗತ್ತು! ನಿಮ್ ಕಡೆಯವರ ಮನಸ್ಸು ತಪ್ಪನ್ನ ಕ್ಷಮಿಸೋದೇ ಇಲ್ಲ. ಇದನ್ನೇ ನಾನು ಹೊರದೇಶದ ಸಮ್ಮೇಳನದಲ್ಲಿ ಓದ್ತೀನಿ, ಅಚ್ಚೂ ಹಾಕಿಸ್ತೀನಿ."

ತಪ್ಪನ್ನು ಕ್ಷಮಿಸದ ಜನ! ಬೈದು ಅರ್ಧ ಗಂಟೆಗೆ ಬಿಸಿ ರೊಟ್ಟಿ ಹಾಕುವ ಜನಕ್ಕೆ ಎಂಥ ಹೆಸರು ಬರುತ್ತಿದೆ! ಇದು ಅವರ ಮನಸ್ಸಿನ ಗುಣವೋ, ನಾನು ಸೇರಿಸಿದ ಎರಡು ಶಬ್ದದ ಗುಣವೋ? ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನನ್ನ ಕೆಲಸದ ಕರಾರು ಆ ತಿಂಗಳೇ ಮುಗಿಯುವುದರಲ್ಲಿತ್ತು. ಮುಂದುವರಿಸುವ ಕಾಗದ ಮೇಡಂ ಮೇಜಿನ ಮೇಲೆ ಸಹಿಗೆ ಕಾದಿತ್ತು. ಹೇಳಿದರೆ ಕೆಲಸ ಹೋಗುತ್ತದೆ, ಕೋಣೆ ಹೋಗುತ್ತದೆ. ವಿಭಾಗ ಮುಚ್ಚಿದ ಊರಿಗೆ ಮುಖ ಕೆಳಗೆ ಹಾಕಿಕೊಂಡು ಮರಳಬೇಕು. ಸುಮ್ಮನಿದ್ದರೆ ನನ್ನ ತಪ್ಪು ನಮ್ಮ ಇಡೀ ಸೀಮೆಯ ತಲೆಗೆ ಬರುತ್ತದೆ, ಅದೂ ಅಚ್ಚಾಗಿ, ಎಂದೂ ಅಳಿಸಲಾರದ ಹಾಗೆ. ಆ ಕಥೆಯ ಕೆಲಸಗಾರ ಈಗ ನಾನೇ ಆಗಿದ್ದೆ.

ಹೊರಗೆ ಬಂದು ಮಂಜುನಾಥನಿಗೆ ಹೇಳಿದೆ. ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಅಯ್ಯೋ, ಬಿಟ್ಬಿಡಿ ಮೇಡಂ. ಯಾರಿಗ್ ಗೊತ್ತಾಗತ್ತೆ? ನೀವೇನ್ ಬೇಕಂತ ಮಾಡಿದ್ರಾ?" ಎಂದ. ಅವನ ಸಮಾಧಾನ ನನಗೆ ಇನ್ನಷ್ಟು ಸಂಕಟ ತಂದಿತು.

ಭಾನುವಾರ ರೇಣವ್ವನ ಕೋಣೆಗೆ ಹೋದೆ. ಅವಳು ಅಕ್ಕಿ ಆರಿಸುತ್ತಾ ಕುಳಿತಿದ್ದಳು. ನಾನೂ ಕೂತು ಮೊರಕ್ಕೆ ಕೈ ಹಾಕಿದೆ. "ಆ ಯಂತ್ರದಾಂವ ನೆನಪದಾನೇನು? ಅಂವ ನಮ್ಮ ಕಡೀಯಾಂವ ಅಲ್ಲ. ಎಲ್ಲಿಯಾಂವೋ ಯಾರಿಗೂ ಗೊತ್ತಿಲ್ಲ. ಈಗೇನಂತಿ?"

"ಹಂಗಾರ ಬಿಡ್ರಿ, ಪಾಪ" ಎಂದಳು ರೇಣವ್ವ, ತಲೆ ಎತ್ತದೆ. "ಹೆದರ್ಯಾನ. ಎರಡು ಹಾಕ್ರಿ."

ತಡೆಯಲಾರದೆ ಎಲ್ಲವನ್ನೂ ಹೇಳಿದೆ. ನಿಯಮ, ಚಿತ್ರ, ಮೇಡಂ ಅಂದದ್ದು, ನಾನು ಬಾಯಿ ಮುಚ್ಚಿಕೊಂಡು ಬಂದದ್ದು. ರೇಣವ್ವ ಮೊರ ಕೆಳಗಿಟ್ಟಳು.

"ನಮ್ಮ ಮಂದಿ ಕಲ್ಲೆದಿಯವ್ರು ಅಂತ ಬರಕೊಂಡ್ಲೇನ್ರಿ ಆಕಿ? ನೀವು ಕುಂತ ಕೇಳಿ ಬಂದ್ರಿ?"

"ಕೆಲಸ ಹೋಗ್ತದವಾ."

"ಹೋಗವಲ್ದ್ಯಾಕ! ಓದಿದಾಕಿ ಅಂತ ತಾಟಿಟ್ಟು ಉಣ್ಣಾಕ ಹಾಕಿದ್ನಲ್ಲ, ಮೂರು ರೊಟ್ಟಿ! ನೀವು ನಮ್ಮ ಕಡೀಯಾಕಿ ಅಲ್ಲೇನ್ರಿ?" ಅವಳ ದನಿಗೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. ರೇಣವ್ವ ನಿಲ್ಲಿಸಲಿಲ್ಲ. ನಾಚಿಕೆ, ಮಾನ, ಉಂಡ ಅನ್ನ ಎಲ್ಲವೂ ಬಂದವು. ನಾನು ತಲೆ ತಗ್ಗಿಸಿ ಕೇಳಿದೆ. ಬೆಂಗಳೂರಿಗೆ ಬಂದು ಆರು ತಿಂಗಳಿಗೆ ಮೊದಲ ಸಲ ಒಬ್ಬರು ನನ್ನನ್ನು ಬೈಯುತ್ತಿದ್ದರು. ಬೈದು ಮುಗಿಸಿ ರೇಣವ್ವ ಚಹಾಕ್ಕಿಟ್ಟಳು.

ಸೋಮವಾರ ಬೆಳಗ್ಗೆ ಮೇಡಂ ಕೋಣೆಯ ಬಾಗಿಲು ಹಾಕಿ ನಿಂತೇ ಹೇಳಿದೆ.

"ಎಷ್ಟು ಫಾರ್ಮು?" ಎಂದರು ಅವರು.

"ಎಲ್ಲಾನೂ ಮೇಡಂ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಶುರು ಮಾಡಿದರು. "ತತ್ವಶಾಸ್ತ್ರ ಓದಿರೋರು ನೀವು! ಹನ್ನೊಂದು ವರ್ಷ ಪಾಠ ಮಾಡಿರೋರು! ಒಂದೇ ಒಂದು ರೂಲ್ ಹೇಳಿದ್ದೆ ಕಣ್ರೀ! ನಾನು ಇದನ್ನ ಹೊರಗಡೆ ಹೋಗಿ ಓದಿದ್ದಿದ್ರೆ ಏನಾಗ್ತಿತ್ತು?" ಕಾಫಿ ತಂದವರು ಬಾಗಿಲಲ್ಲೇ ತಿರುಗಿ ಹೋದರು. ನಾನು ಕೆಲಸ ಹೋಯಿತೆಂದೇ ತಿಳಿದು ಚೀಲದಿಂದ ಗುರುತಿನ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ.

ಮೇಡಂ ಅದನ್ನು ನೋಡಿ ಇನ್ನೂ ರೇಗಿದರು. "ಇದ್ಯಾಕೆ ಕೊಡ್ತಿದೀರಾ? ಮಾಡಿದ್ದನ್ನ ಸರಿ ಮಾಡೋರ್ ಯಾರು?" ಎಂದು ಕಾರ್ಡನ್ನು ನನ್ನತ್ತ ತಳ್ಳಿದರು. ಮತ್ತೆ ತಮಗೇ ಹೇಳಿಕೊಳ್ಳುವಂತೆ, "ಒಂದು ಮಾತಿಗೆ ಎರಡರಿಂದ ಏಳಕ್ಕೆ ಹೋಯ್ತಾ?" ಎಂದರು. ಆಗ ಅವರ ಕಣ್ಣು ಮತ್ತೆ ಹೊಳೆಯಿತು. ಆ ಹೊಳಪು ನೋಡಿ ನನಗೆ ಉಸಿರು ಬಂತು.

ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಇಬ್ಬರೂ ಹೊಸಬರನ್ನು ಹುಡುಕಿ, ಅರ್ಧ ಜನಕ್ಕೆ ಕಥೆ ಇದ್ದ ಹಾಗೆ, ಉಳಿದರ್ಧಕ್ಕೆ ಅವನು ನಿಮ್ಮ ಕಡೆಯವನು ಎಂದು ಸೇರಿಸಿ ಕೇಳಿದೆವು. ಮಂಜುನಾಥನ ಎರಡನೆಯ ಪಟ್ಟಿಯಲ್ಲಿ, ಅಂದರೆ ನಿಮ್ಮ ಕಡೆಯವನು ಎಂದು ಸೇರಿಸಿ ಕೇಳುವವರಲ್ಲಿ, ನಮ್ಮ ಸರೋಜಮ್ಮನೂ ಸಿಕ್ಕಿದರು. ಅವರ ಯಜಮಾನರು ಸರ್ಕಾರಿ ಕಾರ್ಖಾನೆಯಲ್ಲೇ ದುಡಿದವರು. ಪ್ರಶ್ನೆ ಕೇಳಿದಾಗ ನಾನು ಕೆಳಗೆ ಬಟ್ಟೆ ಒಣಹಾಕುತ್ತಿದ್ದೆ. ಮೇಲಿನಿಂದ ಅವರ ದನಿ ಕೇಳಿಸಿತು: "ನಮ್ಮೋನಾಗಿ ಹಿಂಗ್ ಮಾಡ್ತಾನಾ? ಮಾನ ಮರ್ಯಾದೆ ಬೇಡ್ವಾ? ಹಾಕಪ್ಪಾ ಏಳು!" ನಾನು ಒದ್ದೆ ಸೀರೆ ಕೈಯಲ್ಲಿ ಹಿಡಿದುಕೊಂಡೇ ನಕ್ಕೆ.

ಇನ್ನೂ ಬಹಳ ಜನರನ್ನು ಕೇಳುವುದಿದೆ, ಈಗಲೇ ಏನೂ ಹೇಳುವ ಹಾಗಿಲ್ಲ ಎನ್ನುತ್ತಾರೆ ಮೇಡಂ. ಆದರೆ ಗೋಡೆಯ ಮೇಲಿನ ಚಿತ್ರದಲ್ಲಿದ್ದ ಆ ಎರಡು ಜಗತ್ತು ಈಗ ಇಲ್ಲ. ಗುರುತಿಲ್ಲದವನಿಗೆ ರೇಣವ್ವನ ಸಾಲಿನವರೂ ಪಾಪ ಎನ್ನುತ್ತಾರೆ, ಸರೋಜಮ್ಮನ ಸಾಲಿನವರೂ ಪಾಪ ಎನ್ನುತ್ತಾರೆ. ನಮ್ಮವನಾದರೆ ಇಬ್ಬರೂ ಬಿಡುವುದಿಲ್ಲ. ಕರಾರಿನ ಕಾಗದಕ್ಕೆ ನಾನು ತಪ್ಪೊಪ್ಪಿಕೊಂಡ ತಿಂಗಳ ಕೊನೆಗೇ ಸಹಿ ಬಿದ್ದಿತ್ತು. ಸಹಿ ಬಿದ್ದ ಸಂಜೆ ಪೀಣ್ಯದಿಂದ ಬಸ್ಸಿನಲ್ಲಿ ನಿಂತು ಬರುವಾಗ ಎಷ್ಟೋ ತಿಂಗಳ ಭಾರ ಇಳಿದಂತಾಗಿ, ಕಾಲು ತುಳಿದವರನ್ನೆಲ್ಲ ಕ್ಷಮಿಸಿದೆ.

ನಾಗರ ಪಂಚಮಿ ಹಬ್ಬಕ್ಕೆ ನರಗುಂದಕ್ಕೆ ಬಂದಿದ್ದೆ. ಇದನ್ನು ಓದುವ ನರಗುಂದದವರಲ್ಲಿ ಕೆಲವರು ನನ್ನನ್ನು ನೋಡಿದ್ದೀರಿ. ವೈನಿ ಎಳ್ಳುಂಡಿ, ಶೇಂಗಾ ಉಂಡಿ ಕಟ್ಟುತ್ತಿದ್ದರು. ನಳ ಬಂದಿದೆ, ಕೊಡ ಹಿಡಿ ಎಂದು ನನ್ನನ್ನು ಕಳಿಸಿದರು. ಎದುರು ಮನೆಯ ಜೋಕಾಲಿ ನೋಡುತ್ತಾ ನಿಂತೆ. ಕೊಡ ತುಂಬಿ, ಕಟ್ಟೆ ತುಂಬಿ, ಅಂಗಳದ ರಂಗೋಲಿ ತೊಳೆದು ಹೋಯಿತು. ವೈನಿ ಹೊರಗೆ ಬಂದರು. ನಾನು ತಲೆ ತಗ್ಗಿಸಿದೆ. ನಿಜ ಹೇಳುತ್ತೇನೆ, ಆ ಬೈಗುಳಕ್ಕಾಗಿ ನನ್ನ ಕಿವಿ ಹಸಿದಿತ್ತು.

"ಇರ್ಲಿ ಬಿಡ್ರಿ" ಎಂದರು ವೈನಿ, ಒಳಗಿದ್ದ ಅಣ್ಣನಿಗೆ. "ಬೆಂಗಳೂರಾಗ ಇರಾಕಿ, ಪಾಪ. ಆಕೀಗೇನ್ ಗೊತ್ತು."

ಎಷ್ಟು ಮೆತ್ತಗೆ ಹೇಳಿದರು! ಅಣ್ಣನೂ ನಕ್ಕ. ನಾನು ಖಾಲಿ ಕೈಯಲ್ಲಿ ಆ ಒದ್ದೆ ಅಂಗಳದಲ್ಲಿ ನಿಂತಿದ್ದೆ. ಆ ಕಟ್ಟೆಯ ಮೇಲೆ ಹುಟ್ಟಿ ಬೆಳೆದವಳನ್ನು ಯಾರೋ ಮೆಲ್ಲಗೆ ಕೈ ಹಿಡಿದು ಹೊಸಿಲಿನ ಆಚೆ ಇಟ್ಟ ಹಾಗಾಯಿತು. ಅವತ್ತು ನನ್ನ ಪಾಲಿನ ಉಂಡಿಗಳನ್ನು ತಿನ್ನದೆ ಚೀಲಕ್ಕೆ ಕಟ್ಟಿಕೊಂಡೆ.

ಮರಳಿ ಬಂದ ಮರುದಿನ ನನ್ನ ಪಾಳಿ. ಮೋಟರ್ ಹಾಕಿ, ಊರಿನಿಂದ ತಂದ ಉಂಡಿಗಳನ್ನು ಡಬ್ಬಿಗೆ ತುಂಬುತ್ತಾ ಕೂತುಬಿಟ್ಟೆ. ಹೊರಗೆ ನೀರು ಧುಮುಕುವ ಸದ್ದು ಕೇಳಿ ಎದ್ದು ಓಡಿದೆ. ತಾರಸಿಯಿಂದ ಸರೋಜಮ್ಮ ಬಗ್ಗಿ ನೋಡುತ್ತಿದ್ದರು.

"ಏ ಕಸ್ತೂರೀ! ಬುದ್ಧಿ ಎಲ್ಲಿಟ್ಟಿದ್ಯೇ? ಹೊಸಬ್ರು ಮಾಡಿದ್ರೆ ಸರಿ, ನಮ್ಮನೆಯೋಳಾಗಿ ನೀನೇ ಹಿಂಗ್ ಮಾಡಿದ್ರೆ ಹೆಂಗೇ? ಊರಿಂದ ಬಂದಿದ್ದೇ ಬಂದಿದ್ದು, ಉಂಡೆ ಮುಂದೆ ಕೂತ್ಬಿಟ್ಯಾ? ಮೊದ್ಲು ಸ್ವಿಚ್ ಆರ್ಸು!"

ಪಕ್ಕದ ಕಿಟಕಿಯವರು ಪರದೆ ಸರಿಸಿ, "ಚೆನ್ನಾಗ್ ಹೇಳಿ ಆಂಟಿ" ಎಂದರು. ನಾನು ಸ್ವಿಚ್ ಆರಿಸಿದೆ. ಸರೋಜಮ್ಮ ಮುಗಿಸುವ ತನಕ ಮೆಟ್ಟಿಲ ಬಳಿ ನಿಂತು ಒಂದೂ ಮಾತು ಬಿಡದೆ ಕೇಳಿಸಿಕೊಂಡೆ. ಆಮೇಲೆ ಪೊರಕೆ ತಂದು ನಾನೇ ಗುಡಿಸಿ, ನಾಲ್ಕು ಉಂಡಿ ತಟ್ಟೆಯಲ್ಲಿಟ್ಟುಕೊಂಡು ಮೇಲೆ ಹೋದೆ. ಅವರು ಮುಖ ಊದಿಸಿಕೊಂಡೇ ಒಂದನ್ನು ಬಾಯಿಗೆ ಹಾಕಿಕೊಂಡರು.

ಚಿಕ್ಕಬಾಣಾವರ ನನಗೆ ಏಳು ಕೊಟ್ಟಿತು. ನರಗುಂದ ಎರಡು ಕೊಟ್ಟು ಕಳಿಸಿದೆ. ಇಲ್ಲಿ ನೆಮ್ಮದಿಯಾಗಿದ್ದೇನೆ, ಅದರಲ್ಲಿ ಸುಳ್ಳಿಲ್ಲ. ಆದರೆ ಮುಂದಿನ ಪಂಚಮಿಗೆ ಬಂದಾಗ ಉಪ್ಪಿನಕಾಯಿ ಭರಣಿಯನ್ನೇ ಒಡೆಯಬೇಕಾದರೂ ಸರಿ, ವೈನಿಯಿಂದ ಒಂದು ಸಲ ಬೈಸಿಕೊಂಡೇ ಮರಳುತ್ತೇನೆ.